ಒಂದು ಕಡೆ ಅಳಿಸಿದರೆ ಎಲ್ಲ ಕಡೆ

ಬೇಡಿಕೆಗಳು ಬರುತ್ತಿದ್ದುದು ಬೆಳಿಗ್ಗೆ. ಮೊದಲು ದಾಸವಾಳದ ಚಿತ್ರದ ಮೇಲೆ ಶುಭೋದಯ, ಅದರ ಬೆನ್ನಿಗೇ 'ಚರ್ಪಿನಲ್ಲಿ ಇದೊಂದು ಆಗಬಹುದಾ ಮೇಡಂ?' ಮಲ್ಲೇಶ್ವರದ ನಮ್ಮ ಮನೆಯಲ್ಲಿ ನಾನು ಹಾಲು ಕಾಯಲು ಇಟ್ಟು ಫೋನ್ ನೋಡುವಷ್ಟರಲ್ಲಿ ನಾಲ್ಕಾರು ಬಂದಿರುತ್ತಿದ್ದವು. ಮಲಗಿದ್ದಾಗ ಪಾಠ ತಾನಾಗಿಯೇ ಇಳಿದಿರಬೇಕು. ಆದರೆ ಮೊಮ್ಮಗಳ ಆನ್‌ಲೈನ್ ಕ್ಲಾಸ್ ಇರುವಾಗ ಇಳಿಯಬಾರದು. ಕರೆಂಟ್ ಹೋಗಿ ಬಂದರೆ ಯಾರೂ ಏನೂ ಒತ್ತದೆ ಮತ್ತೆ ಶುರುವಾಗಬೇಕು. ಹೆಸರುಗಳು ಕನ್ನಡದಲ್ಲಿರಬೇಕು, ಆದರೆ ಅಕಾರಾದಿಯಲ್ಲಿ ಅಲ್ಲ, ಪಾಠದ ಕ್ರಮದಲ್ಲಿ. ಲ್ಯಾಪ್‌ಟಾಪ್ ಬಿಸಿಯಾಗಬಾರದು. ಒಬ್ಬರಂತೂ, ತಾವು ಹಾಡಿ ಅಭ್ಯಾಸ ಮಾಡದ ದಿನ ಅದು ಟೀಚರಿಗೆ ಗೊತ್ತಾಗದ ಹಾಗೆ ಮಾಡಿಕೊಡಿ ಎಂದು ಬರೆದಿದ್ದರು. ಅಯ್ಯೋ ದೇವರೇ, ಅದು ಗೊತ್ತಾಗುವ ವ್ಯವಸ್ಥೆಯೇ ಅದರಲ್ಲಿರಲಿಲ್ಲ!

ಚರ್ಪು ಅಂದರೆ ನವರಾತ್ರಿಯಲ್ಲಿ ಗೊಂಬೆ ನೋಡಲು ಬಂದವರ ಕೈಗೆ ಹಾಕುವ ಉಸಲಿಯೋ ಕೊಬ್ಬರಿ ಮಿಠಾಯಿಯೋ. ನಾನು ಬರೆದ ಪ್ರೋಗ್ರಾಮಿಗೆ ಆ ಹೆಸರಿಟ್ಟವರು ನಮ್ಮ ಅತ್ತಿಗೆ, ಅಂದರೆ ಅಣ್ಣನ ಹೆಂಡತಿ. ಅವರ ಸಂಗೀತದ ಟೀಚರ ಪಾಠಗಳ ರೆಕಾರ್ಡಿಂಗು ಇದರ ಮೂಲಕ ಒಬ್ಬ ಶಿಷ್ಯರ ಕಂಪ್ಯೂಟರಿನಿಂದ ಇನ್ನೊಬ್ಬರ ಕಂಪ್ಯೂಟರಿಗೆ ನೇರವಾಗಿ ಹೋಗುತ್ತದೆ. ನಡುವೆ ಯಾವ ಕಂಪನಿಯ ಗೋದಾಮೂ ಇಲ್ಲ. ಒಂದು ಮನೆಯ ಫೋಲ್ಡರಿಗೆ ಹೊಸ ಪಾಠ ಬಿದ್ದರೆ, ಆನ್ ಆಗಿರುವ ಉಳಿದ ಮನೆಗಳಿಗೆಲ್ಲ ತಾನಾಗಿ ಹಂಚಿಕೆಯಾಗುತ್ತದೆ. ಆಫ್ ಆಗಿದ್ದ ಕಂಪ್ಯೂಟರು ಮತ್ತೆ ಆನ್ ಆದಾಗ, ಉಳಿದವುಗಳನ್ನು ವಿಚಾರಿಸಿ ತಾನೂ ಅವುಗಳಂತೆಯೇ ಆಗುತ್ತದೆ. ಸಾಫ್ಟ್‌ವೇರ್ ಬರೆಯುವುದು ನನ್ನ ಹೊಟ್ಟೆಪಾಡು; ಸಂಗೀತಕ್ಕೂ ನನಗೂ ಎಣ್ಣೆ ಸೀಗೆಕಾಯಿ. ಅತ್ತಿಗೆ ಕೇಳಿದರು ಅಂತ ಮಾಡಿಕೊಟ್ಟೆ. ಮಾಡಿಕೊಟ್ಟ ಮೇಲೆ ಅದರಿಂದ ಬಿಡುಗಡೆಯೇ ಇಲ್ಲ ಅಂತ ಆಗ ಯಾರೂ ಹೇಳಲಿಲ್ಲ.

ಟೀಚರ್ ಇರುವುದು ಚಾಮರಾಜಪೇಟೆಯಲ್ಲಿ, ತಂಗಿಯ ಜೊತೆ. ಗಂಟಲಿನ ಆಪರೇಷನ್ ಆಗಿ ಅವರ ದನಿ ಪೂರ್ತಿ ಹೋಗಿದೆ. ಆದರೂ ಪಾಠ ನಿಂತಿಲ್ಲ. ಶಿಷ್ಯರನ್ನು ಎದುರಿಗೆ ಕೂರಿಸಿಕೊಂಡು, ಲ್ಯಾಪ್‌ಟಾಪಿನಲ್ಲಿ ತಮ್ಮದೇ ಹಳೆಯ ದನಿ ಹಾಕಿ, ತೊಡೆಯ ಮೇಲೆ ತಾಳ ಹಾಕುತ್ತಾರೆ. ತಪ್ಪಿದರೆ ಕೈ ಎತ್ತಿ ನಿಲ್ಲಿಸುತ್ತಾರೆ. ಹೇಳುವುದಿದ್ದರೆ ಸ್ಲೇಟಿನ ಮೇಲೆ ಬಳಪದಲ್ಲಿ ಬರೆಯುತ್ತಾರೆ. ಆಪರೇಷನ್ನಿಗೆ ಹೋಗುವ ಮುಂಚೆ ಅವರು ಮಾಡಿದ ಕೊನೆಯ ಕೆಲಸವೆಂದರೆ ಸರಳೆ ವರಸೆ, ಅಂದರೆ ಸಂಗೀತ ಕಲಿಯುವವರ ಮೊಟ್ಟಮೊದಲ ಪಾಠ, ಅದನ್ನು ಒಂದೊಂದು ಕಾಲದ ವೇಗದಲ್ಲೂ ಬಿಡಿಸಿ ಹಾಡಿ ಕ್ಯಾಸೆಟ್ಟಿಗೆ ರೆಕಾರ್ಡ್ ಮಾಡಿಸಿದ್ದು. ಆಗ ಇದ್ದ ಶಿಷ್ಯರಲ್ಲಿ ಯಾರಿಗೂ ಅದು ಬೇಕಿರಲಿಲ್ಲ, ಎಲ್ಲರೂ ದಾಟಿ ಬಂದವರೇ. ಇನ್ನು ಮುಂದೆ ಬರುವವರಿಗೆ ಅಂತ ಹಾಡಿದ್ದು. ಅದೊಂದು ಇಲ್ಲದಿದ್ದರೆ ಹೊಸಬರನ್ನು ಕೂರಿಸಿಕೊಂಡು ಸ ರಿ ಗ ಮ ಹೇಳಿಕೊಡಲು ಟೀಚರ ಬಳಿ ಏನೂ ಇರುವುದಿಲ್ಲ.

ಈ ರೆಕಾರ್ಡಿಂಗನ್ನೆಲ್ಲ ಒಟ್ಟುಮಾಡಿದವರು ತ್ಯಾಗರಾಜನಗರದ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ. ಕೆಲಸ ಬಿಟ್ಟ ಮೇಲೆ ಹಾಡು ಕಲಿಯಲು ಬಂದವರು, ಶಿಷ್ಯರಲ್ಲೆಲ್ಲ ವಯಸ್ಸಿನಲ್ಲಿ ದೊಡ್ಡವರು. ಎಲ್ಲರಿಗೂ ಅವರು ಬ್ಯಾಂಕ್ ಸಾರ್. ಬೂಷ್ಟು ಹಿಡಿದ ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಒರೆಸಿ, ಓಡಿಸಿ, ಕಂಪ್ಯೂಟರಿಗೆ ಏರಿಸಿದರು. ಏರಿಸಿದ ಮೇಲೆ ಕ್ಯಾಸೆಟ್ಟುಗಳನ್ನು ಕಸದ ಗಾಡಿಗೆ ಹಾಕಿದರು. 'ಇಷ್ಟೊಂದು ಮನೇಲಿ ಕಾಪಿ ಇದ್ಮೇಲೆ ಕಳ್ದುಹೋಗೋ ಮಾತೆಲ್ಲಮ್ಮಾ?' ಎಂದಿದ್ದರು. ಚರ್ಪಿನ ಬೇಡಿಕೆಗಳಲ್ಲಿ ಅರ್ಧಕ್ಕರ್ಧ ಅವರವೇ.

"ನೋಡಮ್ಮಾ, ಒಂದೇ ಕೃತಿ ಮೂರ್ಮೂರು ಹೆಸರಲ್ಲಿದೆ" ಎಂದು ಒಂದು ದಿನ ಫೋನ್ ಮಾಡಿದರು. "ನಮ್ಮನೇಲಿ ಡಿಲೀಟ್ ಮಾಡ್ತೀನಿ, ಕಾಫಿ ಕುಡಿದು ಬರೋಷ್ಟರಲ್ಲಿ ಬೇರೆ ಮನೆಯಿಂದ ವಾಪಸ್ ಬಂದು ಕೂತಿರತ್ತೆ. ಕಳಿಸಿದ್ರೂ ಹೋಗದ ನೆಂಟರ ಥರ."

"ಅದು ಹಾಗಿರೋದೇ ಒಳ್ಳೇದು ಸಾರ್."

"ಏನು ಒಳ್ಳೇದು? ಒಂದು ಕಡೆ ಅಳಿಸಿದ್ರೆ ಎಲ್ಲಾ ಕಡೆ ಅಳಿಸ್ಬೇಕು. ಸಿಸ್ಟಂ ಅಂದ್ರೆ ಹಾಗಿರ್ಬೇಕು."

ಬೇಡ ಎಂದೆ. ಅವರು ಅದನ್ನು ಶಿಷ್ಯರ ವಾಟ್ಸಾಪ್ ಗುಂಪಿನಲ್ಲಿ ಹಾಕಿದರು. ಎಲ್ಲರೂ ಹೆಬ್ಬೆಟ್ಟು ಎತ್ತಿದರು, ನಮ್ಮ ಅತ್ತಿಗೆಯೂ. ಆ ವಾರ ಹೊಟ್ಟೆಪಾಡಿನ ಕೆಲಸವೇ ಕುತ್ತಿಗೆಗೆ ಬಂದಿತ್ತು. ವಾದ ಮಾಡುವುದಕ್ಕಿಂತ ಮಾಡಿಕೊಟ್ಟು ಕೈತೊಳೆದುಕೊಳ್ಳುವುದೇ ಸುಲಭ ಅನ್ನಿಸಿತು. ಮಾಡಿಕೊಟ್ಟೆ. ಆದರೆ ಅಳಿಸಿದ್ದೆಲ್ಲ ಒಂದು ತಿಂಗಳು ಬೇರೆ ಡಬ್ಬಿಯಲ್ಲಿ ಬಿದ್ದಿರುವ ಹಾಗೆ ಇಟ್ಟಿದ್ದೆ. ಸ್ವಲ್ಪ ದಿನಕ್ಕೇ ಅದರ ಮೇಲೂ ದೂರು ಬಂತು. ಡಿಸ್ಕ್ ತುಂಬಿದೆ, ಕೆಂಪಗೆ ತೋರಿಸುತ್ತಿದೆ, ಅಳಿಸಿದ್ದನ್ನು ಯಾಕೆ ಇಟ್ಟುಕೊಳ್ಳುತ್ತದೆ ನಿಮ್ಮ ಚರ್ಪು? ಸರಿ ಮಾರಾಯರೇ ಎಂದು ಡಬ್ಬಿಯನ್ನೂ ತೆಗೆದೆ. ಆಮೇಲೆ, ಖಚಿತವೇ ಎಂದು ಎರಡೆರಡು ಸಲ ಕೇಳುವುದು ಕಿರಿಕಿರಿ ಎಂದರು. ಅದನ್ನೂ ಒಂದೇ ಸಲಕ್ಕೆ ಇಳಿಸಿದೆ.

ವಿಜಯದಶಮಿಯ ಬೆಳಿಗ್ಗೆ ಅತ್ತಿಗೆ ಫೋನ್ ಮಾಡಿದರು. ಅವರ ಮನೆ ನಮ್ಮಲ್ಲಿಂದ ಎರಡು ಕ್ರಾಸ್ ಆಚೆ.

"ಚರ್ಪು ಖಾಲಿ ಕಣೇ."

"ಖಾಲಿ ಅಂದ್ರೆ?"

"ಪಾಠದ ಫೋಲ್ಡರೇ ಇಲ್ಲ. ಟೀಚರ್ ಮನೆಗೆ ಹೊರಡೋ ಮುಂಚೆ ಒಂದ್ಸಲ ಹಾಡ್ಕೊಳೋಣ ಅಂತ ತೆಗೆದೆ. ನಾನೇನೂ ಮುಟ್ಟಿಲ್ಲಪ್ಪ!"

ನನ್ನ ಕಂಪ್ಯೂಟರ್ ತೆರೆದೆ. ಅಲ್ಲೂ ಇಲ್ಲ. ಯಾವ ಮನೆಯಿಂದ ಏನು ಆಜ್ಞೆ ಹೊರಟಿತು ಎಂಬುದನ್ನು ಚರ್ಪು ಬರೆದಿಟ್ಟುಕೊಳ್ಳುತ್ತದೆ. ನೋಡಿದರೆ, ಹಿಂದಿನ ದಿನ, ಆಯುಧಪೂಜೆಯ ಬೆಳಿಗ್ಗೆ, ತ್ಯಾಗರಾಜನಗರದಿಂದ ಇಡೀ ಫೋಲ್ಡರನ್ನು ಅಳಿಸುವ ಆಜ್ಞೆ ಹೋಗಿತ್ತು. ಬ್ಯಾಂಕ್ ಸಾರ್‌ಗೆ ಫೋನ್ ಮಾಡಿದೆ.

"ಸಾರ್, ನಿನ್ನೆ ಕಂಪ್ಯೂಟರಲ್ಲಿ ಏನಾದ್ರೂ ಮಾಡಿದ್ರಾ?"

"ಆಯುಧಪೂಜೆ ಅಲ್ವೇನಮ್ಮಾ? ಕ್ಲೀನ್ ಮಾಡ್ದೆ. ಸ್ಕೂಟರ್ ತೊಳೆದೆ, ಹೊಲಿಗೆ ಮೆಷಿನ್ ಒರೆಸ್ದೆ, ಕಂಪ್ಯೂಟರ್ ಹೊರಗೂ ಒಳಗೂ ಚೊಕ್ಕಟ ಮಾಡ್ದೆ. 'ಪಾಠ' ಅಂತ ಒಂದು, 'ಪಾಠ ಹೊಸದು' ಅಂತ ಒಂದು, ಎರಡು ಫೋಲ್ಡರ್ ಇತ್ತು. ಹಳೇದನ್ನ ತೆಗೆದೆ. ಕಸದಬುಟ್ಟಿನೂ ಖಾಲಿ ಮಾಡಿ ಆಮೇಲೆ ಅರಿಶಿನ ಕುಂಕುಮ ಇಟ್ಟೆ. ಒಳಗೆ ಕಸ ಇಟ್ಕೊಂಡು ಪೂಜೆ ಮಾಡಕ್ಕಾಗತ್ತಾ?"

"'ಪಾಠ ಹೊಸದು' ತೆಗೆದು ನೋಡಿ ಸಾರ್."

ಮೌಸ್ ಒತ್ತುವ ಸದ್ದು ಕೇಳಿಸಿತು. ಆಮೇಲೆ ಅವರ ದನಿಯೇ ಬೇರೆಯಾಗಿತ್ತು. "ಇದರಲ್ಲಿ ಎರಡೇ ಹಾಡಿದೆಯಮ್ಮಾ. ಮೊನ್ನೆ ಏರಿಸಿದ್ದು."

ಒಂದೊಂದೇ ಮನೆಗೆ ಫೋನ್ ಮಾಡುತ್ತ ಹೋದೆವು, ಆ ಕಡೆಯಿಂದ ಅವರು, ಈ ಕಡೆಯಿಂದ, ಅಷ್ಟರಲ್ಲಿ ನಮ್ಮ ಮನೆಗೇ ಓಡಿಬಂದಿದ್ದ ಅತ್ತಿಗೆ. ಬಸವನಗುಡಿಯಲ್ಲಿ ಇಲ್ಲ, ಗವಿಪುರದಲ್ಲಿ ಇಲ್ಲ, ಶೇಷಾದ್ರಿಪುರದಲ್ಲಿ ಇಲ್ಲ. ನಾನು ನನ್ನ ಡಿಸ್ಕಿನ ಮೇಲೆ ಅಳಿಸಿದ್ದನ್ನು ಹುಡುಕುವ ಪ್ರೋಗ್ರಾಮ್ ಓಡಿಸಿದೆ. ಹೆಸರುಗಳೆಲ್ಲ ಸಾಲಾಗಿ ಬಂದವು. ತೆರೆದರೆ ಒಳಗೆ ಬರೀ ಸೊನ್ನೆ. ಹಳೆಯ ಕಾಲದ ಡಿಸ್ಕುಗಳಲ್ಲಿ ಅಳಿಸಿದ್ದು ಎಷ್ಟೋ ದಿನ ಹಾಗೇ ಉಳಿದಿರುತ್ತಿತ್ತು. ಈಗಿನವು ಖಾಲಿಯಾದ ಜಾಗವನ್ನು ತಾವಾಗಿಯೇ ತೊಳೆದಿಡುತ್ತವೆ.

ಆಗ ಕಣ್ಣಿಗೆ ಬಿದ್ದದ್ದು ಬೂದು ಚುಕ್ಕೆ. ಚರ್ಪಿನಲ್ಲಿ ಆನ್ ಆಗಿರುವ ಮನೆಗೆ ಹಸಿರು ಚುಕ್ಕೆ, ಆಫ್ ಆಗಿರುವುದಕ್ಕೆ ಬೂದು. ಆ ಒಂದು ಬೂದು ಚುಕ್ಕೆ ಟೀಚರ ಲ್ಯಾಪ್‌ಟಾಪು. ಅದು ಸರಸ್ವತಿ ಪೂಜೆಯ ದಿನವೇ ಆಫ್ ಆಗಿತ್ತು. ನಾವೆಲ್ಲ ಆ ದಿನ ಒಂದೆರಡು ಪುಸ್ತಕ ಇಟ್ಟು ಶಾಸ್ತ್ರ ಮುಗಿಸುತ್ತೇವೆ. ಟೀಚರ್ ಹಾಗಲ್ಲ. ತಂಬೂರಿ, ಪುಸ್ತಕ, ಸ್ಲೇಟು, ಫೋನು, ಲ್ಯಾಪ್‌ಟಾಪು, ಯಾವುದರಿಂದ ಪಾಠ ಹೇಳುತ್ತಾರೋ ಅದೆಲ್ಲವೂ ಸರಸ್ವತಿಯ ಮುಂದೆ ಹೋಗುತ್ತದೆ. ವಿಜಯದಶಮಿಯ ವಿಸರ್ಜನೆಯವರೆಗೆ ಮುಟ್ಟುವುದಿಲ್ಲ. ಆ ದಿನಗಳಲ್ಲಿ ಅವರು ತಂಗಿಯ ಜೊತೆಗೂ ಕೈಸನ್ನೆಯಲ್ಲೇ ಮಾತಾಡುವುದು. ಅಂದರೆ ಪಾಠಗಳೆಲ್ಲ ಅಲ್ಲಿ ಸುರಕ್ಷಿತವಾಗಿದ್ದವು. ಅಬ್ಬ ಎಂದು ಕೂತೆ. ಕೂತವಳು ಮರುಕ್ಷಣ ಎದ್ದೆ.

"ಅತ್ತಿಗೆ, ಟೀಚರ್ ಲ್ಯಾಪ್‌ಟಾಪ್ ಯಾವಾಗ ತೆಗೀತಾರೆ?"

"ಇವತ್ತೇ. ಮಂಗಳಾರತಿ ಆದ ತಕ್ಷಣ. ಹೊಸಬರೊಬ್ರು ಸೇರ್ತಿದಾರಲ್ಲ, ಮೊದಲು ಅವರಿಗೆ ಪಾಠ."

"ಏನು ಪಾಠ?"

"ಇನ್ನೇನು, ಸರಳೆ ವರಸೆ."

ಲ್ಯಾಪ್‌ಟಾಪ್ ಆನ್ ಆದರೆ ವೈಫೈ ಹಿಡಿಯುತ್ತದೆ, ಉಳಿದ ಮನೆಗಳನ್ನು ವಿಚಾರಿಸುತ್ತದೆ, ಪಾಠ ಎಲ್ಲರೂ ಅಳಿಸಿದ್ದಾರೆ ಎಂದು ತಿಳಿದು ತಾನೂ ಅಳಿಸುತ್ತದೆ. ಟೀಚರ ಫೋನು ಪೂಜೆಯಲ್ಲಿದೆ. ತಂಗಿಯ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಅಲ್ಲಿಗೆ ಆಗಲೇ ಹೋದ ಶಿಷ್ಯರ ಫೋನುಗಳು ಬಾಗಿಲ ಬಳಿಯ ಬುಟ್ಟಿಯಲ್ಲಿರುತ್ತವೆ. ಪಾಠದ ಮನೆಗೆ ಫೋನ್ ತರಕೂಡದು ಎಂಬುದು ಟೀಚರ ಕಟ್ಟಪ್ಪಣೆ.

ಇನ್ನೊಂದು ದಾರಿ ಹೊಳೆಯಿತು. ಉಳಿದ ಮನೆಗಳೆಲ್ಲ ಆಫ್ ಆಗಿಬಿಟ್ಟರೆ, ಅಳಿಸು ಎಂದು ಹೇಳುವವರೇ ಇರುವುದಿಲ್ಲ. ಎಲ್ಲರೂ ಈಗಿಂದೀಗಲೇ ಕಂಪ್ಯೂಟರ್ ಆಫ್ ಮಾಡಿ ಎಂದು ಗುಂಪಿಗೆ ಬರೆದೆ. ಟೀಚರ ಮನೆಗೆ ಆಗಲೇ ಹೋದವರ ಕಂಪ್ಯೂಟರನ್ನು ಅತ್ತಿಗೆ ಅವರವರ ಮನೆಯವರಿಗೆ ಫೋನ್ ಮಾಡಿ ಆಫ್ ಮಾಡಿಸಿದರು. ಹಸಿರು ಚುಕ್ಕೆಗಳು ಒಂದೊಂದೇ ಬೂದಾದವು. ಒಂದು ಮಾತ್ರ ಉಳಿಯಿತು. ಅದು ಬಸವನಗುಡಿಯ ಇನ್ನೊಂದು ಮನೆ. ಮನೆಮಂದಿಯೆಲ್ಲ ದಸರಾ ನೋಡಲು ಮೈಸೂರಿಗೆ ಹೋಗಿದ್ದರು. ಬೀಗ ಹಾಕಿದ ಮನೆಯೊಳಗೆ ಕಂಪ್ಯೂಟರು ಚಾಲೂ. ಕರೆಂಟ್ ಹೋಗಿ ಬಂದರೂ ಅದು ತಾನಾಗಿ ಶುರುವಾಗುವ ಹಾಗೆ ಮಾಡಿದವಳು ನಾನೇ, ಅವರದೇ ಬೇಡಿಕೆಯ ಮೇರೆಗೆ. ಇನ್ನೊಬ್ಬರ ಕಂಪ್ಯೂಟರನ್ನು ದೂರದಿಂದ ನಿಲ್ಲಿಸುವ ಅಧಿಕಾರವನ್ನು ಚರ್ಪಿನಲ್ಲಿ ಯಾರಿಗೂ ಕೊಟ್ಟಿರಲಿಲ್ಲ, ನನಗೂ ಇಲ್ಲ. ಅದೊಂದನ್ನು ಯಾರೂ ಕೇಳಿರಲಿಲ್ಲ.

ಬ್ಯಾಂಕ್ ಸಾರ್‌ಗೆ ಮತ್ತೆ ಫೋನ್ ಮಾಡಿದೆ. "ಸಾರ್, ನಿಮಗೇ ಹತ್ತಿರ. ಈಗಲೇ ಟೀಚರ್ ಮನೆಗೆ ಹೋಗಿ ವೈಫೈ ಡಬ್ಬಿ ಪ್ಲಗ್ ಕಿತ್ತುಬಿಡಿ."

"ಎರಡು ಕಡ್ಡಿ ನಿಂತಿರತ್ತಲ್ಲ, ಅದು ತಾನೆ?"

"ಅದೇ. ಏನೂ ವಿವರಿಸೋಕೆ ಹೋಗ್ಬೇಡಿ. ಮೊದಲು ಕೀಳಿ, ಆಮೇಲೆ ಮಾತು."

ಅತ್ತಿಗೆ ರೇಷ್ಮೆ ಸೀರೆಯಲ್ಲಿ, ನಾನು ಮನೆಯಲ್ಲಿ ಹಾಕಿಕೊಂಡಿದ್ದ ಚೂಡಿದಾರದಲ್ಲಿ, ಸಂಪಿಗೆ ರಸ್ತೆಯ ಮೆಟ್ರೋ ಹತ್ತಿ ಮಾರ್ಕೆಟ್ಟಿನಲ್ಲಿ ಇಳಿದೆವು. ಹೂ ಹಾಕಿಸಿಕೊಂಡು ನಿಂತಿದ್ದ ಆಟೋದವರು, ಇವತ್ತು ಗಾಡಿಗೆ ರೆಸ್ಟ್ ಮೇಡಂ ಎಂದರು. ಕುಂಕುಮ ಮೆತ್ತಿದ ಬೂದುಗುಂಬಳದ ಹೋಳುಗಳನ್ನು ದಾಟಿಕೊಂಡು ನಡೆದೆವು. ಅತ್ತಿಗೆ ಏದುಸಿರು ಬಿಡುತ್ತ, "ಬೈಬೇಡ ಕಣೇ ಅವರನ್ನ, ವಯಸ್ಸಾದೋರು" ಎಂದರು. ಬೈಯುವುದಕ್ಕೂ ತ್ರಾಣ ಬೇಕಲ್ಲ, ನನ್ನಲ್ಲಿ ಅದೂ ಇರಲಿಲ್ಲ.

ಟೀಚರ ಮನೆಯ ನಡುಮನೆಯಲ್ಲಿ ಗೊಂಬೆಯ ಮೆಟ್ಟಿಲುಗಳ ಪಕ್ಕ ಬ್ಯಾಂಕ್ ಸಾರ್ ನಿಂತಿದ್ದರು. ದಾರಿಯಲ್ಲಿ ದೇವರ ಮೆರವಣಿಗೆಗೆ ಸಿಕ್ಕಿಕೊಂಡು ಅವರೂ ನಮಗಿಂತ ತುಸು ಮುಂಚೆಯಷ್ಟೇ ತಲುಪಿದ್ದರು. ತಲೆಯ ಮೇಲೆ ಹೆಲ್ಮೆಟ್ಟು, ಕಾಲಲ್ಲಿ ಚಪ್ಪಲಿ, ಮುಷ್ಟಿಯಲ್ಲಿ ಕಿತ್ತ ಪ್ಲಗ್ಗು. ಕೆಳಗಿನ ಮೆಟ್ಟಿಲಿನ ಶೆಟ್ಟಿ ಗೊಂಬೆ ಉರುಳಿ, ಅದರ ಅಂಗಡಿಯ ಅಕ್ಕಿ ಬೇಳೆ ನೆಲದ ಮೇಲೆಲ್ಲ ಚೆಲ್ಲಿತ್ತು. ಶಿಷ್ಯರು ಬಾಯಿ ತೆರೆದು ಕೂತಿದ್ದರು. ಹೊಸದಾಗಿ ಸೇರಲು ಬಂದಿದ್ದ, ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಹೆಂಗಸು ಹಣ್ಣಿನ ತಟ್ಟೆಯನ್ನು ಎದೆಗೆ ಒತ್ತಿಕೊಂಡಿದ್ದರು. ಟೀಚರ್ ಆಗ ತಾನೆ ಪೂಜೆಯಿಂದ ತೆಗೆದ ಸ್ಲೇಟನ್ನು ಬ್ಯಾಂಕ್ ಸಾರ್ ಕಡೆ ಹಿಡಿದಿದ್ದರು. ಅದರಲ್ಲಿ ಒಂದೇ ಮಾತಿತ್ತು: ಚಪ್ಪಲಿ.

"ಬಿಡಿ ಸಾರ್, ಸಾಕು" ಎಂದು ಪ್ಲಗ್ಗನ್ನು ಅವರ ಕೈಯಿಂದ ತೆಗೆದುಕೊಂಡೆ. ಅವರು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಹೊರಗೆ ಹೋದರು.

"ಎಷ್ಟೊತ್ತು ಆನ್ ಆಗಿತ್ತು?" ಎಂದು ಟೀಚರ ತಂಗಿಯನ್ನು ಕೇಳಿದೆ.

"ಆನ್ ಮಾಡಿ, ಇವರ ಹಣೆಗೆ ಕುಂಕುಮ ಇಟ್ಟು, ಕೂರ್ಸಿದ್ವಿ ನೋಡಿ, ಅಷ್ಟರಲ್ಲಿ ಸಾರ್ ನುಗ್ಗಿದ್ರು. ಏನಾಯ್ತು, ಯಾರಿಗೇನಾಯ್ತು?"

ಅರಿಶಿನ ಕುಂಕುಮ ಅಕ್ಷತೆ ಅಂಟಿದ್ದ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಮೊದಲು ಚರ್ಪನ್ನು ನಿಲ್ಲಿಸಿದೆ. ಆಮೇಲೆ ಫೋಲ್ಡರ್ ತೆರೆದೆ. ವರ್ಣಗಳಿದ್ದವು, ಕೃತಿಗಳಿದ್ದವು, ದೇವರನಾಮಗಳಿದ್ದವು. ಯಂತ್ರ ಬಿಸಿಯಾಗದಿರಲಿ ಎಂದು ಫೈಲುಗಳನ್ನು ಒಂದೊಂದಾಗಿ, ನಿಧಾನಕ್ಕೆ ಅಳಿಸುವ ಹಾಗೆ ಬರೆದಿದ್ದೆ. ಅದರಿಂದಲೇ ಇಷ್ಟು ಉಳಿದದ್ದು. ಆದರೆ ಅದು ಪಾಠದ ಕ್ರಮದಲ್ಲಿ ಮೇಲಿನಿಂದ ಶುರುಮಾಡಿತ್ತು. ಮೊದಲನೆಯ ಫೋಲ್ಡರ್ ಇರಲಿಲ್ಲ. ಸರಳೆ ವರಸೆ ಹೋಗಿತ್ತು.

ಹುಡುಕುವ ಪ್ರೋಗ್ರಾಮನ್ನು ಪೆನ್‌ಡ್ರೈವಿನಲ್ಲಿ ತಂದಿದ್ದೆ. ಓಡಿಸಿದೆ. ಇದಕ್ಕೂ ಹೋದ ವರ್ಷ ಹೊಸ ಡಿಸ್ಕು ಹಾಕಿಸಿದ್ದೆವು, ನಿಧಾನ ಎಂದು ಎಲ್ಲರೂ ಗೊಣಗಿದ್ದಕ್ಕೆ. ಹೆಸರು ಬಂತು, ಒಳಗೆ ಸೊನ್ನೆ. ಟೀಚರ್ ನನ್ನ ಮುಖವನ್ನೇ ನೋಡುತ್ತಿದ್ದರು. ಸ್ಲೇಟಿನ ಮೇಲೆ, ಎಲ್ಲಾ? ಎಂದು ಬರೆದರು.

"ಇಲ್ಲ ಟೀಚರ್. ಸರಳೆ ವರಸೆ ಒಂದೇ. ಬೇರೆಲ್ಲ ಇದೆ" ಎಂದೆ. "ಅದು ಇನ್ನು ಯಾರ ಮನೇಲೂ ಇಲ್ಲ. ಸಿಗಲ್ಲ."

ಅವರು ಸ್ಲೇಟನ್ನು ಮಗುಚಿ ತೊಡೆಯ ಮೇಲೆ ಇಟ್ಟುಕೊಂಡರು. ಬಾಗಿಲಲ್ಲಿ ಬರಿಗಾಲಲ್ಲಿ ನಿಂತಿದ್ದ ಬ್ಯಾಂಕ್ ಸಾರ್, "ನಾನೇ ಅಮ್ಮಾ, ನಾನೇ ಅಳಿಸ್ಬಿಟ್ಟೆ. ಕ್ಲೀನ್ ಮಾಡಕ್ಕೆ ಹೋಗಿ..." ಎಂದವರು ಟವೆಲಿನಿಂದ ಮುಖ ಮುಚ್ಚಿಕೊಂಡರು. ದಾರಿಯುದ್ದಕ್ಕೂ, ಆವತ್ತೇ ಬೇಡ ಅಂದಿದ್ದೆನಲ್ಲ ಸಾರ್ ಎಂಬ ಮಾತು ನನ್ನ ಬಾಯಲ್ಲಿತ್ತು. ನುಂಗಿಕೊಂಡೆ. ಎಲ್ಲರ ಮೇಲೂ ಸಿಟ್ಟು, ಯಾರ ಮೇಲೆ ಬಿಡುವುದೋ ತಿಳಿಯದು.

ಮಾಡುವ ಕೆಲಸ ಮಾಡತೊಡಗಿದೆ. ಉಳಿದ ಪಾಠಗಳನ್ನೆಲ್ಲ ಎರಡು ಪೆನ್‌ಡ್ರೈವಿಗೆ ಇಳಿಸಿ ಒಂದನ್ನು ಅತ್ತಿಗೆಯ ಪರ್ಸಿಗೆ ಹಾಕಿದೆ. ಚರ್ಪಿನ ಹಳೆಯ ಗುಂಪಿನಿಂದ ಟೀಚರ ಲ್ಯಾಪ್‌ಟಾಪನ್ನು ಬಿಡಿಸಿದೆ. ಇನ್ನು ಅದೇ ಮೂಲ, ಉಳಿದ ಮನೆಗಳು ಹೊಸದಾಗಿ ಬಂದು ಸೇರಬೇಕು. ಆಮೇಲೆ ಗೊಂಬೆಗಳ ಪಕ್ಕದಲ್ಲೇ ಕೂತು, ಒಂದು ಕಡೆ ಅಳಿಸಿದರೆ ಎಲ್ಲ ಕಡೆ ಅಳಿಯುವ ಭಾಗವನ್ನು ಚರ್ಪಿನಿಂದ ಕಿತ್ತುಹಾಕಿದೆ. ಯಾರನ್ನೂ ಕೇಳಲಿಲ್ಲ. ಮೂರ್ಮೂರು ಹೆಸರಲ್ಲಿ ಒಂದೇ ಕೃತಿ ಬಿದ್ದುಕೊಂಡಿರಲಿ. ಡಿಸ್ಕು ತುಂಬಿದರೆ ಇನ್ನೊಂದು ಕೊಳ್ಳಲಿ.

ಅಂಚೆ ಕಚೇರಿಯ ಹೆಂಗಸು ಮೆಲ್ಲಗೆ ಎದ್ದರು. "ನಾನು ಇನ್ನೊಂದು ದಿನ ಬರ್ತೀನಿ ಟೀಚರ್. ಇವತ್ತು ನಿಮಗೆ..."

ಟೀಚರ್ ಕೈ ಎತ್ತಿದರು. ಆ ಹೆಂಗಸು ಹಾಗೇ ಕೂತರು. ವಿಜಯದಶಮಿಯ ದಿನ ಪಾಠಕ್ಕೆ ಬಂದವರನ್ನು ಬರಿಗೈಲಿ ಕಳಿಸುವ ಪದ್ಧತಿ ಆ ಮನೆಯಲ್ಲಿಲ್ಲ. ಟೀಚರ್ ಬ್ಯಾಂಕ್ ಸಾರ್ ಕಡೆ ತಿರುಗಿ, ತಮ್ಮ ಎದುರಿನ ಜಾಗ ತೋರಿಸಿದರು. ಅವರು ಬಂದು ಕೂತರು. ಟೀಚರ್ ನನಗೆ ಲ್ಯಾಪ್‌ಟಾಪಿನ ಮೈಕ್ ತೋರಿಸಿದರು. ಆಮೇಲೆ ಬರೆದರು: ನೀವು ಹಾಡಿ.

"ನಾನಾ?" ಬ್ಯಾಂಕ್ ಸಾರ್ ಕಂಗಾಲಾದರು. "ನನ್ನ ದನೀಲಾ ಅಮ್ಮಾ? ಬೇಡಿ. ಇಲ್ಲಿ ಎಲ್ಲಾ ನನಗಿಂತ ಚೆನ್ನಾಗಿ ಹಾಡ್ತಾರೆ."

ಟೀಚರ್ ಬರೆದದ್ದರ ಮೇಲೆ ಬಳಪದಿಂದ ಮತ್ತೊಮ್ಮೆ ಕುಟ್ಟಿದರು. ತಂಗಿ ತಂಬೂರಿ ಎತ್ತಿಕೊಂಡರು. ನಾನು ರೆಕಾರ್ಡ್ ಒತ್ತಿದೆ.

ಮೊದಲನೆಯ ಸಾಲು ಹೇಗೋ ಹಾಡಿದರು. ಎರಡನೆಯದರಲ್ಲಿ ದನಿ ಒಡೆಯಿತು, ಕಣ್ಣೀರು ಇಳಿಯಿತು. ಟೀಚರ ಕೈ ಮೇಲೆದ್ದಿತು. ಸ್ಲೇಟು: ಅಳೋದು ಆಮೇಲೆ. ಶ್ರುತಿ ಸೇರಿಸಿ. ಅವರು ಮೂಗೊರೆಸಿಕೊಂಡು ಮತ್ತೆ ಶುರುಮಾಡಿದರು. ಮತ್ತೆ ಕೈ. ಮತ್ತೆ ಮೊದಲಿನಿಂದ. ಮಾತಿಲ್ಲದೆ, ತಾಳದ ಏಟು ಒಂದರಿಂದಲೇ ಅವರನ್ನು ತಿದ್ದುತ್ತ, ಎಳೆಯುತ್ತ, ಮಧ್ಯಾಹ್ನದ ಊಟದ ಹೊತ್ತು ದಾಟಿಸಿ ಟೀಚರ್ ಅವರಿಂದ ಸರಳೆ ವರಸೆಯನ್ನು ಪೂರ್ತಿ ಹಾಡಿಸಿದರು. ಯಾರೂ ಎದ್ದು ಹೋಗಲಿಲ್ಲ.

ಮುಗಿದ ಮೇಲೆ ಕೇಳಿಸು ಎಂದು ಸನ್ನೆ ಮಾಡಿದರು. ಕೇಳಿಸಿದೆ. ಬ್ಯಾಂಕ್ ಸಾರ್ ದನಿ ಗೊಗ್ಗರು, ಮೇಲಿನ ಸ್ವರಗಳಲ್ಲಿ ತಿಣುಕುತ್ತಿತ್ತು. ಅದರ ಕೆಳಗೆ ಟೀಚರ ಅಂಗೈ ತೊಡೆಯ ಮೇಲೆ ಬೀಳುವ ಸದ್ದು ಒಂದು ಕೂದಲೆಳೆಯಷ್ಟೂ ಆಚೀಚೆಯಾಗದೆ ಕೇಳುತ್ತಿತ್ತು. ಟೀಚರ್ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು. ಬಳಪ ಎತ್ತಿಕೊಂಡರು. ಬರೆದು ಸ್ಲೇಟನ್ನು ಬ್ಯಾಂಕ್ ಸಾರ್ ಕಡೆ ತಿರುಗಿಸಿದರು.

ನನ್ನದು ಇದಕ್ಕಿಂತ ಚೆನ್ನಾಗಿತ್ತು.

"ಹೌದಮ್ಮಾ" ಎಂದರು ಬ್ಯಾಂಕ್ ಸಾರ್. "ತುಂಬಾ ಚೆನ್ನಾಗಿತ್ತು."

ಅತ್ತಿಗೆ ಗೋಡೆಯ ಕಡೆ ಮುಖ ತಿರುಗಿಸಿದರು. ಸಂಗೀತದ ಗಂಧ ಗಾಳಿ ಗೊತ್ತಿಲ್ಲದ ನನಗೂ ಅಳು ತಡೆಯಲಾಗಲಿಲ್ಲ. ಟೀಚರ್ ಸೆರಗಿನ ತುದಿಯಿಂದ ಸ್ಲೇಟು ಒರೆಸಿ ಪಕ್ಕಕ್ಕಿಟ್ಟು, ಅಂಚೆ ಕಚೇರಿಯವರನ್ನು ಹತ್ತಿರ ಕರೆದು ಕೂರಿಸಿಕೊಂಡರು. ಇನ್ನೊಮ್ಮೆ ಹಾಕು ಎಂದು ನನಗೆ ಸನ್ನೆ ಮಾಡಿ, ಅಂಗೈಯನ್ನು ತೊಡೆಯ ಮೇಲೆ ಇಟ್ಟರು. ನಾನು ಹಾಕಿದೆ. ಲ್ಯಾಪ್‌ಟಾಪಿನಿಂದ ಬ್ಯಾಂಕ್ ಸಾರ್ ಸ ಎಂದರು, ಅವರ ಹಿಂದೆಯೇ ಹೊಸ ಶಿಷ್ಯೆಯೂ ಸ ಎಂದರು.